ಬೀಟಲ್ ಇಂಜಿನ್ ರೀಬಿಲ್ಡ್: ಕಾಸು ಕಡಿಮೆ ಇದ್ದಾಗ ಖರ್ಚು ಎಲ್ಲಿ, ಉಳಿತಾಯ ಎಲ್ಲಿ

ಗಾಡಿ ನಿಲ್ಲಿಸಿ, ಇಂಜಿನ್ ತಣ್ಣಗಾಗಲು ಬಿಡಿ. ಹಿಂದಿನ ಮುಚ್ಚಳ ಎತ್ತಿ, ಕೆಳಗಿರುವ ದೊಡ್ಡ ಪುಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಮ್ಮ ಕಡೆಗೆ ಜೋರಾಗಿ ಎಳೆಯಿರಿ, ಆಮೇಲೆ ಒಳಕ್ಕೆ ತಳ್ಳಿ. ತಿರುಗಿಸಬೇಡಿ, ಹಿಂದೆ ಮುಂದೆ ಅಲುಗಿಸಿ ನೋಡಿ. ‘ಟಕ್’ ಎಂದು ಕೈಗೆ ತಟ್ಟಿತೇ, ಇಲ್ಲವೇ? ಗಾಳಿಯಿಂದ ತಣಿಯುವ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಇಂಜಿನ್ ರಿಪೇರಿಗೆ ಎಷ್ಟು ದುಡ್ಡು ಬೇಕಾದೀತು ಎಂಬುದಕ್ಕೆ ಸಿಗುವ ಮೊದಲ ಸುಳಿವು ಇದು. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಪಿಸ್ಟನ್‌ಗಳ ಓಡಾಟವನ್ನು ತಿರುಗುವಿಕೆಯಾಗಿಸುವ ಕ್ರ್ಯಾಂಕ್ ಶಾಫ್ಟ್ ತನ್ನ ಉದ್ದಕ್ಕೆ ಎಷ್ಟು ಜರುಗುತ್ತದೋ ಅದಕ್ಕೆ ಎಂಡ್ ಪ್ಲೇ ಎನ್ನುತ್ತಾರೆ. ಈ ಇಂಜಿನ್ನಿನಲ್ಲಿ ಅದು 0.07ರಿಂದ 0.13 ಮಿ.ಮೀ. ಇರಬೇಕು, 0.15 ದಾಟಬಾರದು. ಅಷ್ಟು ಸಣ್ಣ ಅಳತೆಯನ್ನು ಕೈ ಹೇಳಲಾರದು. ಡಯಲ್ ಗೇಜ್ ಇಟ್ಟೇ ನೋಡಬೇಕು. ಆದರೆ ಸದ್ದು ಬರುವಷ್ಟು ಜರುಗುತ್ತಿದೆ ಎಂದರೆ ಮಿತಿ ದಾಟಿ ಎಷ್ಟೋ ದಿನವಾಗಿದೆ ಎಂದೇ ಅರ್ಥ. ಕ್ರ್ಯಾಂಕಿನ ತುದಿಯ ಭಾರದ ಚಕ್ರವಾದ ಫ್ಲೈವೀಲ್ ಹಿಂದಿನ ಮೂರು ಶಿಮ್‌ಗಳು (ತೆಳು ಲೋಹದ ಬಳೆಗಳು) ತಪ್ಪು ದಪ್ಪದವಾಗಿದ್ದರೆ ಅಥವಾ ಕ್ರ್ಯಾಂಕನ್ನು ಹೊರುವ ಒಂದನೇ ಮೇನ್ ಬೇರಿಂಗಿನ ಅಂಚು ಸವೆದಿದ್ದರೆ ಹೀಗಾಗುತ್ತದೆ. ಇವಕ್ಕಿಂತ ಕೆಟ್ಟದ್ದೆಂದರೆ ಬೇರಿಂಗ್ ಕೂರುವ ಜಾಗವೇ ಪೆಟ್ಟು ತಿಂದು ಅಗಲವಾಗಿರುವುದು. ಕೇಸ್, ಅಂದರೆ ಕ್ರ್ಯಾಂಕ್ ಕೂತಿರುವ ಇಂಜಿನ್ನಿನ ಒಡಲು, ಮೆಗ್ನೀಸಿಯಮ್ ಮಿಶ್ರಲೋಹದ್ದು. ಹಗುರ, ಆದರೆ ಮೆತ್ತಗೆ. ಸಡಿಲವಾದ ಬೇರಿಂಗ್ ಅದನ್ನು ಸುತ್ತಿಗೆಯ ಹಾಗೆ ಬಡಿಯುತ್ತಲೇ ಇರುತ್ತದೆ.

ಟೆಸ್ಟ್ ಇನ್ನೂ ಮುಗಿದಿಲ್ಲ. ಬಿಚ್ಚುವ ಮೊದಲು, ಇಂಜಿನ್ ಇನ್ನೂ ಓಡುತ್ತಿದ್ದರೆ, ಕಂಪ್ರೆಷನ್ (ಪಿಸ್ಟನ್ ಅದುಮಿದಾಗ ಸಿಲಿಂಡರಿನಲ್ಲಿ ಹುಟ್ಟುವ ಒತ್ತಡ) ನೋಡಿ. ನಾಲ್ಕೂ ಸಿಲಿಂಡರುಗಳ ಒತ್ತಡ ಹತ್ತಿರ ಹತ್ತಿರ ಇದೆಯೇ ಎಂಬುದು ಮುಖ್ಯ. ಒಂದು ಮಾತ್ರ ಕಡಿಮೆ ಇದ್ದರೆ ಪ್ಲಗ್ ತೂತಿನಿಂದ ಆ ಸಿಲಿಂಡರಿಗೆ ಗಾಳಿ ತುಂಬಿ ಕಿವಿ ಕೊಡಿ. ಪಿಸ್ಟನ್ ತುದಿಗೆ ಬಂದಿರಬೇಕು, ಎರಡೂ ವಾಲ್ವ್ ಮುಚ್ಚಿರಬೇಕು. ಸೈಲೆನ್ಸರಿನಲ್ಲಿ ಸುಯ್ ಎಂದರೆ ಎಕ್ಸಾಸ್ಟ್ ವಾಲ್ವ್, ಕಾರ್ಬ್ಯುರೇಟರಿನಲ್ಲಿ ಕೇಳಿಸಿದರೆ ಇನ್‌ಟೇಕ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಿ ಕೇಳಿಸಿದರೆ ಪಿಸ್ಟನ್ ಸುತ್ತಲಿನ ರಿಂಗ್ ಸೋರುತ್ತಿದೆ. ಆಯಿಲ್ ಪ್ರೆಷರ್ ಗೇಜ್ ಸಿಕ್ಕರೆ ಅದನ್ನೂ ಹಾಕಿ ನೋಡಿ: ಆಯಿಲ್ ಬಿಸಿಯಾದ ಮೇಲೆ 2500 ಆರ್‌ಪಿಎಮ್‌ನಲ್ಲಿ 2 ಬಾರ್‌ ಆದರೂ ಬರಬೇಕು. ಡ್ಯಾಶ್‌ಬೋರ್ಡಿನ ಕೆಂಪು ಲೈಟ್ ನಂಬಿ ಕೂರಬೇಡಿ, ಅದು 0.15ರಿಂದ 0.45 ಬಾರ್‌ಗೇ ಆರಿಬಿಡುತ್ತದೆ.

ಇಷ್ಟೆಲ್ಲ ಏಕೆಂದರೆ ನಿಜವಾದ ಪ್ರಶ್ನೆ ಒಂದೇ: ಕೇಸ್ ಒಡೆಯಬೇಕೇ, ಅಂದರೆ ಅದರ ಎರಡು ಹೋಳುಗಳನ್ನು ಬಿಡಿಸಬೇಕೇ, ಬೇಡವೇ?

ಒಳಗಿನದು, ಹೊರಗಿನದು

ಈ ಇಂಜಿನ್ನಿನ ರಚನೆಯೇ ಬಡವರ ಬಂಧು. ನಾಲ್ಕು ಸಿಲಿಂಡರುಗಳು ಎರಡೆರಡಾಗಿ ಎದುರುಬದುರು ಮಲಗಿವೆ. ನೀರಿನಿಂದ ತಣಿಯುವ ಇಂಜಿನ್ನಿನಂತೆ ಒಂದೇ ಬ್ಲಾಕ್ ಇಲ್ಲ. ರೆಕ್ಕೆಗಳಿರುವ ಎರಕದ ಕಬ್ಬಿಣದ ಸಿಲಿಂಡರುಗಳು ಒಂದೊಂದೂ ಬಿಡಿ. ಉದ್ದದ ಸ್ಟಡ್‌ಗಳು (ತಿರುಪಿನ ಸರಳುಗಳು) ವಾಲ್ವ್‌ಗಳಿರುವ ಹೆಡ್ಡನ್ನು ಎಳೆದು ಹಿಡಿಯುತ್ತವೆ, ಹೆಡ್ ಮತ್ತು ಕೇಸಿನ ನಡುವೆ ಸಿಲಿಂಡರುಗಳು ಸಿಕ್ಕಿಕೊಂಡು ನಿಲ್ಲುತ್ತವೆ. ಕೇಸ್ ನಡುವೆ ಲಂಬವಾಗಿ ಸೀಳಿದ ಎರಡು ಹೋಳು. ಹಾಗಾಗಿ ಸಿಲಿಂಡರ್ ಸವೆದರೆ ಸಿಲಿಂಡರನ್ನೇ ಬಿಸಾಕಿ ಹೊಸತು ಹಾಕಬಹುದು, ಇಡೀ ಬ್ಲಾಕನ್ನು ಬೋರಿಂಗಿಗೆ ಹೊತ್ತೊಯ್ಯಬೇಕಿಲ್ಲ.

ಹೆಡ್, ವಾಲ್ವ್, ಪಿಸ್ಟನ್, ಸಿಲಿಂಡರ್, ಪುಶ್‌ರಾಡ್ ಟ್ಯೂಬ್, ಆಯಿಲ್ ಪಂಪ್, ಆಯಿಲ್ ಕೂಲರ್, ಡಿಸ್ಟ್ರಿಬ್ಯೂಟರ್, ಫ್ಲೈವೀಲ್ ಸೀಲ್: ಇವು ಯಾವುದಕ್ಕೂ ಕೇಸ್ ಒಡೆಯಬೇಕಿಲ್ಲ. ಕ್ರ್ಯಾಂಕ್, ಮೇನ್ ಬೇರಿಂಗ್, ವಾಲ್ವ್‌ಗಳನ್ನು ತೆರೆಸುವ ಕ್ಯಾಮ್, ಕ್ಯಾಮ್ ಮೇಲೆ ಕೂತು ಪುಶ್‌ರಾಡ್ ತಳ್ಳುವ ಟ್ಯಾಪೆಟ್ ಒಳಗಿನವು. ಇವುಗಳಲ್ಲಿ ಒಂದನ್ನು ಮುಟ್ಟಬೇಕೆಂದರೂ ಇಂಜಿನ್ ಪೂರ್ತಿ ಬಿಚ್ಚಲೇಬೇಕು.

ನನ್ನ ಲೆಕ್ಕಾಚಾರವೆಲ್ಲ ನಿಂತಿರುವುದು ಈ ಭೇದದ ಮೇಲೆ. ಯಾವ ಪಾರ್ಟ್‌ಗೆ ಎಷ್ಟು ರೇಟು ಎಂದು ನೋಡಿ ಬಜೆಟ್ ಹಾಕುವವರೇ ಹೆಚ್ಚು. ನಾನು ಕೇಳಿಕೊಳ್ಳುವುದು, ಇದು ನಾಳೆ ಕೈಕೊಟ್ಟರೆ ಮತ್ತೆ ಎಷ್ಟು ಬಿಚ್ಚಬೇಕು ಎಂದು. ಕೇಸಿನ ಒಳಗೆ ಹೋಗುವುದರಲ್ಲಿ ಜಿಪುಣತನ ಬೇಡ, ಅಲ್ಲಿ ಒಳ್ಳೆಯದನ್ನೇ ಹಾಕಿ. ಹೊರಗೆ ನೇತಾಡುವ ಕಾರ್ಬ್ಯುರೇಟರ್, ಡೈನಮೊ, ಪೆಟ್ರೋಲ್ ಪಂಪ್, ಸೈಲೆನ್ಸರ್ ಹಳೆಯವೇ ಇರಲಿ. ತೊಳೆದು ಸರಿಮಾಡಿ ಕೂರಿಸಿ, ಮುಂದಿನ ವರ್ಷ ಕೈಯಲ್ಲಿ ಕಾಸಾಡಿದಾಗ ಒಂದೊಂದಾಗಿ ಬದಲಿಸಿ.

ಪುಲ್ಲಿ ಅಲುಗುತ್ತಿಲ್ಲ, ಆಯಿಲ್ ಪ್ರೆಷರ್ ಚೆನ್ನಾಗಿದೆ, ಕಂಪ್ರೆಷನ್ ಮಾತ್ರ ಬಿದ್ದಿದೆ ಎಂದಾದರೆ ಕೇಸಿಗೆ ಕೈಹಾಕಲೇಬೇಡಿ. ಹೆಡ್ ಮತ್ತು ಸಿಲಿಂಡರ್ ಕೆಲಸ ಮಾಡಿ ಮುಗಿಸಿ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಬೇಡ.

ಅಳತೆಗೆ ದುಡ್ಡಿಲ್ಲ ಎನ್ನಬೇಡಿ

ಫೀಲರ್ ಗೇಜ್, ಟಾರ್ಕ್ ರೆಂಚ್, ವರ್ನಿಯರ್ ಕ್ಯಾಲಿಪರ್, ಸ್ಟ್ಯಾಂಡ್ ಸಮೇತ ಒಂದು ಡಯಲ್ ಗೇಜ್. ಇಷ್ಟಕ್ಕೆ ಮೊದಲು ದುಡ್ಡು ತೆಗೆದಿಡಿ, ಎರವಲು ಸಿಕ್ಕರೆ ಇನ್ನೂ ಒಳ್ಳೆಯದು. ಅಳೆಯದೆ ಬಿಸಾಕಿದರೆ ಇನ್ನೂ ಬಾಳುತ್ತಿದ್ದ ಪಾರ್ಟ್‌ಗೆ ದಂಡ, ಅಳೆಯದೆ ಉಳಿಸಿಕೊಂಡರೆ ಇಡೀ ಇಂಜಿನ್ನಿಗೇ ದಂಡ.

ಪಿಸ್ಟನ್‌ಗೂ ಸಿಲಿಂಡರಿಗೂ ನಡುವಿನ ಅಂತರ ಹೊಸದರಲ್ಲಿ 0.04ರಿಂದ 0.06 ಮಿ.ಮೀ., 0.20ಕ್ಕೆ ಬಂದರೆ ಮುಗಿಯಿತು. ಅದಕ್ಕಿಂತ ಕಡಿಮೆ ಇದ್ದು, ಗೀರುಗಳಿಲ್ಲದಿದ್ದರೆ, ಹೋನಿಂಗ್ (ಒಳಗೋಡೆಯನ್ನು ಕಲ್ಲಿನಿಂದ ನಯವಾಗಿ ಉಜ್ಜುವುದು) ಮಾಡಿ ಹೊಸ ರಿಂಗ್ ಹಾಕಿದರೆ ಸಾಕು. ರಿಂಗನ್ನು ಪಿಸ್ಟನ್‌ಗೆ ಹಾಕುವ ಮೊದಲು ಬರಿಯ ಸಿಲಿಂಡರಿನೊಳಗೆ ಕೂರಿಸಿ, ಪಿಸ್ಟನ್ ತಲೆಯಿಂದ ತಳ್ಳಿ ನೇರ ಮಾಡಿ, ಬಾಯಿಯ ಅಂತರ ನೋಡಿ. ಕಂಪ್ರೆಷನ್ ರಿಂಗಿಗೆ 0.30ರಿಂದ 0.45 ಮಿ.ಮೀ. ಸರಿ, 0.90 ಕಡೆಯ ಮಿತಿ. ಯಾವ ಪಿಸ್ಟನ್ ಯಾವ ಸಿಲಿಂಡರಿನದು ಎಂದು ಬಿಚ್ಚುವಾಗಲೇ ಗುರುತು ಹಾಕಿರಬೇಕು. ಒಂದರ ಜಾಗಕ್ಕೆ ಇನ್ನೊಂದು ಹೋದರೆ ಈ ಉಳಿತಾಯವೆಲ್ಲ ನೀರಲ್ಲಿ ಹೋಮ.

ಟ್ಯಾಪೆಟ್ ನೋಡಲು ಉಪಕರಣವೇ ಬೇಡ. ಹೊಸ ಟ್ಯಾಪೆಟ್ಟಿನ ಮುಖ ಕಣ್ಣಿಗೆ ಕಾಣದಷ್ಟು ಉಬ್ಬಿರುತ್ತದೆ. ಕ್ಯಾಮ್ ಮೇಲೆ ತಿರುಗುತ್ತಾ ಸಮನಾಗಿ ಸವೆಯಲಿ ಎಂದೇ ಹಾಗೆ ಮಾಡಿರುವುದು. ಎರಡನ್ನು ಮುಖಕ್ಕೆ ಮುಖ ಹಚ್ಚಿ ಬೆಳಕಿಗೆ ಹಿಡಿಯಿರಿ. ಸ್ವಲ್ಪ ತೊನೆದಾಡಿದರೆ ಒಳ್ಳೆಯವು. ಅಂಚು ತಾಗಿ ನಡುವೆ ಬೆಳಕು ಕಂಡರೆ ಮುಖ ಗುಳಿಬಿದ್ದಿದೆ, ಜೊತೆಗೆ ಕ್ಯಾಮ್ ಕೂಡ ಹಾಳಾಗಿರುತ್ತದೆ. ಹೊಸ ಕ್ಯಾಮ್‌ಗೆ ಹಳೆಯ ಟ್ಯಾಪೆಟ್ ಎಂದೂ ಬೇಡ. ಹಳೆಯ ಕ್ಯಾಮ್ ಉಳಿಸಿಕೊಳ್ಳುವುದಾದರೆ ಪ್ರತಿ ಟ್ಯಾಪೆಟ್ಟೂ ತನ್ನ ಹಳೆಯ ಜಾಗಕ್ಕೇ ಹೋಗಬೇಕು.

ಆಯಿಲ್ ಪಂಪಿನ ಗೇರುಗಳಿಗೂ ಮುಚ್ಚಳಕ್ಕೂ ನಡುವೆ 0.1 ಮಿ.ಮೀ.ಗಿಂತ ಹೆಚ್ಚು ಜಾಗ ಇರಬಾರದು. ಹೆಚ್ಚಿನ ಸಲ ಸವೆದಿರುವುದು ಮುಚ್ಚಳ. ದಪ್ಪ ಗಾಜಿನ ಮೇಲೆ ನಯವಾದ ಎಮರಿ ಕಾಗದ ಹಾಸಿ, ಆಯಿಲ್ ಸವರಿ, ಎಂಟರ ಆಕಾರದಲ್ಲಿ ಉಜ್ಜಿದರೆ ಅರ್ಧ ಗಂಟೆಯಲ್ಲಿ ಸಮತಟ್ಟಾಗುತ್ತದೆ. ಹೊಸ ಪಂಪಿನ ದುಡ್ಡು ಉಳಿಯಿತು.

ಕ್ರ್ಯಾಂಕ್ ಮತ್ತು ಕೇಸ್ ಮಾತ್ರ ಪಳಗಿದ ಕೈಯ ಲೇತ್‌ನವರ ಹತ್ತಿರ ಹೋಗಬೇಕು. ಕ್ರ್ಯಾಂಕಿನ ಜರ್ನಲ್‌ಗಳನ್ನು (ಬೇರಿಂಗಿನೊಳಗೆ ತಿರುಗುವ ಭಾಗಗಳನ್ನು) 0.25, 0.50 ಮಿ.ಮೀ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸಾಣೆ ಹಿಡಿದು ಅಷ್ಟೇ ಅಂಡರ್‌ಸೈಜ್ ಬೇರಿಂಗ್ ಹಾಕಬಹುದು. ಕೇಸಿನಲ್ಲಿ ಬೇರಿಂಗ್ ಕೂರುವ ಜಾಗ ಅಗಲವಾಗಿದ್ದರೆ ಲೈನ್ ಬೋರಿಂಗ್ (ಆ ಜಾಗಗಳನ್ನೆಲ್ಲ ಒಂದೇ ನೇರಕ್ಕೆ ಕೊರೆಯುವುದು) ಮಾಡಿಸಿ ಹೊರಸುತ್ತು ದೊಡ್ಡದಿರುವ ಬೇರಿಂಗ್ ಹಾಕಬೇಕು. ಬೇರಿಂಗ್ ತರಿಸುವುದು ಇದೆಲ್ಲ ಅಳೆದ ಮೇಲೆ. ಮೊದಲೇ ಕೊಂಡು, ಆಮೇಲೆ ಅದು ಹೊಂದದೆ ಪೆಟ್ಟಿಗೆಯಲ್ಲೇ ಉಳಿಯುವುದನ್ನು ಬಹಳ ನೋಡಿದ್ದೇನೆ. ಹಾಗೆಯೇ ಮೂರನೇ ಸಿಲಿಂಡರಿನ ಹಿಂದೆ, ಫ್ಲೈವೀಲ್ ಕಡೆ, ಕೇಸಿನಲ್ಲಿ ಬಿರುಕಿದೆಯೇ ನೋಡಿ. ಅಲ್ಲಿ ಬಿರುಕು ಬಿಟ್ಟಿದ್ದರೆ ಅದಕ್ಕೆ ದುಡ್ಡು ಸುರಿಯುವ ಬದಲು ಇನ್ನೊಂದು ಕೇಸ್ ಹುಡುಕುವುದು ಮೇಲು.

ಹೆಡ್ಡಿನಲ್ಲಿ ಉಳಿತಾಯ ಬೇಡ

ಮೂರನೇ ಸಿಲಿಂಡರ್ ಎಂದರೆ ಹಳೆಯ ಬೀಟಲ್ ಇಟ್ಟವರಿಗೆಲ್ಲ ಒಂದು ಆತಂಕ. ಫ್ಯಾನಿನ ತಗಡಿನ ಗೂಡಿನೊಳಗೆ ಆಯಿಲ್ ಕೂಲರ್ ನೆಟ್ಟಗೆ ನಿಂತು ಆ ಸಿಲಿಂಡರಿಗೆ ಹೋಗುವ ಗಾಳಿಗೆ ಅಡ್ಡಗಟ್ಟುತ್ತಿತ್ತು. 1971ರ ಮಾಡೆಲ್‌ನಲ್ಲಿ ಕೂಲರನ್ನು ಆ ಗಾಳಿಯ ದಾರಿಯಿಂದ ಆಚೆಗೆ ಸರಿಸಿ ಅದಕ್ಕೆಂದೇ ಬೇರೆ ಗೂಡು ಕಟ್ಟಿದರು, ಫ್ಯಾನನ್ನೂ ಅಗಲ ಮಾಡಿದರು. ಹಳೆಯ ಇಂಜಿನ್ನಿಗೆ ಈ ಮಾದರಿಯ ಕೂಲರ್, ಗೂಡು, ಫ್ಯಾನ್ ಮೂರೂ ಒಟ್ಟಿಗೆ ಸೆಕೆಂಡ್‌ಹ್ಯಾಂಡಿನಲ್ಲಿ ಸಿಕ್ಕರೆ ಬಿಡಬೇಡಿ, ಇಂಜಿನ್ನಿನ ಆಯುಷ್ಯಕ್ಕೆ ಅದಕ್ಕಿಂತ ಒಳ್ಳೆಯ ಖರ್ಚು ಕಡಿಮೆ. ಕೂಲರ್ ಮಾತ್ರ ಸೋರದೆ ಒಳಗೆ ಚೊಕ್ಕಟವಾಗಿರಲಿ.

ಎಕ್ಸಾಸ್ಟ್ ವಾಲ್ವ್ ಸುಡುವ ಹೊಗೆಯ ದಾರಿಯಲ್ಲೇ ಕೂತಿರುತ್ತದೆ. ಅದರ ಕಾವು ಹೊರಗೆ ಹೋಗಲು ಎರಡೇ ಬಾಗಿಲು: ಮುಚ್ಚಿದಾಗ ತಾಗುವ ಸೀಟ್, ಕಾಂಡ ಜಾರುವ ಗೈಡ್. ಗೈಡ್ ಸವೆದರೆ ವಾಲ್ವ್ ಒಲೆದಾಡುತ್ತದೆ, ಸೀಟಿನ ಮೇಲೆ ಸರಿಯಾಗಿ ಕೂರುವುದಿಲ್ಲ, ಎರಡೂ ಬಾಗಿಲು ಅರ್ಧ ಮುಚ್ಚಿದಂತೆ. ಕಾವಿಗೆ ಕಾಂಡ ಹಿಗ್ಗಿ ಉದ್ದವಾಗಿ, ಒಂದು ದಿನ ತಲೆ ಕಳಚಿ ಸಿಲಿಂಡರಿನೊಳಗೆ ಬೀಳುತ್ತದೆ. ಆಗ ಪಿಸ್ಟನ್, ಸಿಲಿಂಡರ್, ಹೆಡ್ ಒಟ್ಟಿಗೆ ಹೋಗುತ್ತವೆ, ಕೆಲವೊಮ್ಮೆ ಕೇಸ್ ಕೂಡ. ಅದಕ್ಕೇ ಗೈಡ್ ಬದಲಿಸದೆ ಹೊಸ ವಾಲ್ವ್ ಮಾತ್ರ ಹಾಕುವುದನ್ನು ನಾನು ಉಳಿತಾಯ ಎಂದು ಒಪ್ಪುವುದಿಲ್ಲ. ವಾಲ್ವನ್ನು ಗೈಡಿನೊಳಗಿಟ್ಟು ತಲೆಯನ್ನು ಅತ್ತಿತ್ತ ಅಲ್ಲಾಡಿಸಿ ಡಯಲ್ ಗೇಜಿನಲ್ಲಿ ನೋಡಿ, 0.8 ಮಿ.ಮೀ. ದಾಟಿದರೆ ಗೈಡ್ ಬದಲಿಸಲೇಬೇಕು. ಇನ್‌ಟೇಕ್ ವಾಲ್ವ್ ಅಳತೆಗೆ ಸರಿಯಿದ್ದರೆ ಲ್ಯಾಪಿಂಗ್ ಮಾಡಿ (ಪೇಸ್ಟ್ ಹಚ್ಚಿ ಸೀಟಿಗೆ ಉಜ್ಜಿ ಹೊಂದಿಸಿ) ಮತ್ತೆ ಹಾಕಬಹುದು. ಎಕ್ಸಾಸ್ಟ್ ವಾಲ್ವ್ ನಾಲ್ಕೂ ಹೊಸವೇ ಇರಲಿ.

ಪ್ಲಗ್ ತೂತಿನಿಂದ ವಾಲ್ವ್ ಸೀಟಿನ ಕಡೆಗೆ ಬಿರುಕಿದೆಯೇ ಎಂದು ಮಸಿ ತೆಗೆದ ಮೇಲೆ ಭೂತಗನ್ನಡಿಯಲ್ಲಿ ನೋಡಿ. ಈ ಹೆಡ್‌ಗಳಲ್ಲಿ ಅದು ಮಾಮೂಲಿ ಕಾಯಿಲೆ. ಇನ್ನೊಂದು ಪುಕ್ಕಟೆ ಕೆಲಸ: ಹೆಡ್ಡಿನ ರೆಕ್ಕೆಗಳ ನಡುವೆ ಎರಕ ಹೊಯ್ಯುವಾಗ ಉಳಿದ ಲೋಹದ ಪರೆಗಳು ಗಾಳಿಯ ದಾರಿ ಮುಚ್ಚಿರುತ್ತವೆ. ಗಟ್ಟಿ ತಂತಿ ತೂರಿಸಿ ನೋಡಿ, ತೂರದಿದ್ದರೆ ಸಣ್ಣ ಅರದಿಂದ ತೆಗೆಯಿರಿ.

ಇನ್ನು ಡೆಕ್ ಹೈಟ್. ಪಿಸ್ಟನ್ ತುದಿ ಮುಟ್ಟಿದಾಗ ಅದರ ತಲೆಗೂ ಸಿಲಿಂಡರಿನ ಅಂಚಿಗೂ ಇರುವ ಅಂತರ ಇದು. 1600 ಇಂಜಿನ್ನಿನ ಬೋರ್ 85.5 ಮಿ.ಮೀ., ಸ್ಟ್ರೋಕ್ 69 ಮಿ.ಮೀ., ಅಂದರೆ ಒಂದು ಸಿಲಿಂಡರಿಗೆ 396 ಸಿಸಿ. ಹೆಡ್ಡಿನ ಕುಳಿ 50 ಸಿಸಿ ಎಂದಿಟ್ಟುಕೊಳ್ಳಿ. ಡೆಕ್ 1.5 ಮಿ.ಮೀ. ಇದ್ದರೆ ಅಲ್ಲಿ ಇನ್ನೊಂದು 8.6 ಸಿಸಿ. ಒಟ್ಟು ಲೆಕ್ಕ ಹಾಕಿದರೆ ಕಂಪ್ರೆಷನ್ ಅನುಪಾತ (ಒಳಗಿನ ಗಾಳಿ ಎಷ್ಟು ಪಟ್ಟು ಅದುಮುತ್ತದೆ ಎಂಬ ಲೆಕ್ಕ) ಸುಮಾರು 7.8. ಅದೇ ಡೆಕ್ 0.5 ಮಿ.ಮೀ.ಗೆ ಇಳಿದರೆ ಅನುಪಾತ 8.5ಕ್ಕೆ ಏರುತ್ತದೆ. ಒಂದೇ ಒಂದು ಮಿಲಿಮೀಟರಿನ ಆಟ! ಅನುಪಾತ ಏರಿದಷ್ಟೂ ಹೆಡ್ಡಿಗೆ ಕಾವು ಜಾಸ್ತಿ, ಆ ಕಾವನ್ನು ಒಯ್ಯಲು ಗಾಳಿಯನ್ನು ಬಿಟ್ಟರೆ ಆಯಿಲ್ ಒಂದೇ. ಹೆಡ್ ಮುಖ ಕೊರೆಸಿದ್ದರೆ ಅಥವಾ ಸಿಲಿಂಡರ್ ಸೆಟ್ ಬದಲಿಸಿದ್ದರೆ ಈ ಅಳತೆ ನೋಡದೆ ಹೆಡ್ ಮುಚ್ಚಬೇಡಿ. ಕಡಿಮೆ ಇದ್ದರೆ ಸಿಲಿಂಡರ್ ಕೆಳಗೆ ತೆಳು ಶಿಮ್ ಹಾಕಿದರಾಯಿತು.

ಇದೇ ಹೊತ್ತಿಗೆ ‘ಹೇಗೂ ಬಿಚ್ಚಿದ್ದೇವೆ, ಸ್ವಲ್ಪ ಪವರ್ ಹೆಚ್ಚಿಸೋಣ’ ಎಂಬ ಆಸೆ ಹುಟ್ಟುತ್ತದೆ. ಕೇಸ್ ಕೊರೆಸದೆ ಸೀದಾ ಕೂರುವ 88 ಮಿ.ಮೀ. ಸೆಟ್ ಕಣ್ಣು ಕುಕ್ಕುತ್ತದೆ. ಅದರ ಗೋಡೆ ತೆಳುವು. ಕಾವಿಗೆ ದುಂಡು ಕೆಡುತ್ತದೆ, ರಿಂಗ್ ಹಿಡಿಯುವುದಿಲ್ಲ. ಕಾಸು ಕಡಿಮೆ ಇರುವಾಗ ಕಂಪನಿಯ ಅಳತೆಯಲ್ಲೇ ಇರಿ.

ತೊಳೆಯುವುದು, ಜೋಡಿಸುವುದು

ತೊಳೆಯುವ ಕೆಲಸ ಪೂರ್ತಿ ನಿಮ್ಮದು, ಅದಕ್ಕೆ ಕೂಲಿ ಕೊಡಬೇಡಿ. ಸೀಮೆಎಣ್ಣೆ ಅಥವಾ ಡೀಸೆಲ್, ಬ್ರಷ್, ಬೇಕಾದಷ್ಟು ತಾಳ್ಮೆ. ಕೇಸಿಗೆ ಆಸಿಡ್ ತಾಗಿಸಬೇಡಿ, ಮೆಗ್ನೀಸಿಯಮ್ಮನ್ನು ಅದು ತಿನ್ನುತ್ತದೆ. ಅಲ್ಯೂಮಿನಿಯಂ ಹೆಡ್ಡಿಗೆ ಕಾಸ್ಟಿಕ್ ಸೋಡಾ ತಾಗಿಸಬೇಡಿ, ಅದನ್ನು ಇದು ತಿನ್ನುತ್ತದೆ. ಕೇಸನ್ನು ಅರ ಹಾಕುವಾಗ ಉದುರುವ ಪುಡಿಗೆ ಬೆಂಕಿ ಹತ್ತಿದರೆ ನೀರು ಹಾಕಿದಷ್ಟೂ ಉರಿ ಜಾಸ್ತಿ, ಒಣ ಮರಳು ಪಕ್ಕದಲ್ಲೇ ಇರಲಿ. ಆಯಿಲ್ ಹರಿಯುವ ಪ್ರತಿ ರಂಧ್ರಕ್ಕೂ ಬ್ರಷ್ ತೂರಿಸಿ ಗಾಳಿ ಹೊಡೆಯಿರಿ. ಹಿಂದೆ ಬೇರಿಂಗ್ ಪುಡಿಯಾಗಿದ್ದ ಇಂಜಿನ್ ಆದರೆ ಕೇಸಿನ ಗ್ಯಾಲರಿ ಪ್ಲಗ್‌ಗಳನ್ನು (ಆಯಿಲ್ ದಾರಿಗಳ ತುದಿಯ ಬೆಣೆಗಳನ್ನು) ಕೊರೆಸಿ ತೆಗೆದು ತೊಳೆಯಲೇಬೇಕು, ಹಳೆಯ ಆಯಿಲ್ ಕೂಲರನ್ನು ಬಿಸಾಕಲೇಬೇಕು. ಅದರ ಸಂದುಗಳಲ್ಲಿ ಸಿಕ್ಕಿದ ಲೋಹದ ಚೂರು ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ, ಹೊಸ ಬೇರಿಂಗನ್ನು ಮೊದಲ ದಿನವೇ ಗೀರಿಬಿಡುತ್ತದೆ.

ಕೇಸಿನ ಎರಡು ಹೋಳುಗಳ ನಡುವೆ ಗ್ಯಾಸ್ಕೆಟ್ ಇಲ್ಲ. ತೆಳುವಾಗಿ ಸವರಿದ ಸೀಲಿಂಗ್ ಪೇಸ್ಟ್ ಅಷ್ಟೇ. ದಪ್ಪಗೆ ಸಿಲಿಕೋನ್ ಬಳಿದರೆ ಒಳಕ್ಕೆ ಹಿಂಡಿದ ತುಣುಕು ಆಯಿಲ್ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಕ್ಯಾಮ್ ಗೇರಿನ ಒಂದು ಚುಕ್ಕೆ ಕ್ರ್ಯಾಂಕ್ ಗೇರಿನ ಎರಡು ಚುಕ್ಕೆಗಳ ನಡುವೆ ಬರಬೇಕು. ಪಿಸ್ಟನ್ ತಲೆಯ ಬಾಣ ಫ್ಲೈವೀಲ್ ಕಡೆಗೆ.

ಎಲ್ಲಕ್ಕಿಂತ ಎಚ್ಚರ ಬೇಕಿರುವುದು ಬೇರಿಂಗ್ ಪಿನ್‌ಗಳಲ್ಲಿ. ಕೇಸಿನ ಪ್ರತಿ ಗದ್ದುಗೆಯಲ್ಲೂ ಸಣ್ಣ ಪಿನ್ ಇದೆ, ಅದು ಬೇರಿಂಗಿನ ಬೆನ್ನಿನ ರಂಧ್ರದೊಳಗೆ ಕೂರಬೇಕು. ಕ್ರ್ಯಾಂಕ್ ಇಳಿಸಿದ ಮೇಲೆ ಆ ರಂಧ್ರ ಕಣ್ಣಿಗೆ ಕಾಣುವುದಿಲ್ಲ. ಒಮ್ಮೆ ನಾನು ನಟ್ ಬಿಗಿದು ಕ್ರ್ಯಾಂಕ್ ತಿರುಗಿಸಿದಾಗ ಕೈಗೆ ಬಿಗಿ ಬಂತು. ಹೊಸತಲ್ಲವೇ, ಸಡಿಲವಾದೀತು ಎಂದುಕೊಂಡಿದ್ದರೆ ಇಂಜಿನ್ ಅಲ್ಲಿಗೇ ಮುಗಿಯುತ್ತಿತ್ತು. ಬಿಚ್ಚಿ ನೋಡಿದರೆ ಪಿನ್ನು ರಂಧ್ರದ ಪಕ್ಕದಲ್ಲಿ ಬೇರಿಂಗಿನ ಬೆನ್ನನ್ನು ಒತ್ತಿ ಗುಳಿ ಮಾಡಿತ್ತು. ಆ ಬೇರಿಂಗ್ ಹೋಯಿತು, ಕ್ರ್ಯಾಂಕ್ ಉಳಿಯಿತು. ಅಂದಿನಿಂದ ಮೊದಲು ಬರಿಯ ಬೇರಿಂಗನ್ನು ಪಿನ್ ಮೇಲೆ ಕೂರಿಸಿ, ಕೇಸಿನ ಅಂಚಿನ ನೇರಕ್ಕೆ ಪೆನ್ಸಿಲ್ ಗೆರೆ ಎಳೆದುಕೊಳ್ಳುತ್ತೇನೆ. ಕ್ರ್ಯಾಂಕ್ ಇಳಿಸಿದಾಗ ಗೆರೆ ಅಂಚಿಗೆ ಬಂದರೆ ಪಿನ್ ಕೂತಿದೆ. ಪ್ರತಿ ನಟ್ ಬಿಗಿದಾಗಲೂ ಕ್ರ್ಯಾಂಕ್ ತಿರುಗಿಸಿ ನೋಡುತ್ತೇನೆ.

ಬಿಗಿಯುವುದರಲ್ಲಿ ತೋಳ್ಬಲ ತೋರಬೇಡಿ. ಕೇಸಿನ ಆರು ದೊಡ್ಡ ನಟ್‌ಗಳಿಗೆ 34 ನ್ಯೂಟನ್ ಮೀಟರ್, ಸುತ್ತಲಿನ 8 ಮಿ.ಮೀ. ನಟ್‌ಗಳಿಗೆ 20. ಹೆಡ್ ಸ್ಟಡ್ 10 ಮಿ.ಮೀ. ಆದರೆ 31, 8 ಮಿ.ಮೀ. ಆದರೆ 25. ಇಷ್ಟು ಕಡಿಮೆಯೇ ಎನಿಸುತ್ತದೆ. ಉಕ್ಕಿನ ಸ್ಟಡ್ ಕೂತಿರುವುದು ಮೆತ್ತನೆಯ ಮೆಗ್ನೀಸಿಯಮ್ಮಿನಲ್ಲಿ. ಇಂಜಿನ್ ಕಾದಾಗ ಹೆಡ್ ಹಿಗ್ಗಿ ಸ್ಟಡ್ಡನ್ನು ಇನ್ನಷ್ಟು ಎಳೆಯುತ್ತದೆ. ಮೊದಲೇ ಅತಿಯಾಗಿ ಬಿಗಿದಿದ್ದರೆ ಕೇಸಿನ ಥ್ರೆಡ್ಡೇ ಕಿತ್ತು ಬರುತ್ತದೆ. ಹಾಗೆ ಕಿತ್ತುಬಂದಿರುವ ಕಡೆ ಉಕ್ಕಿನ ಇನ್‌ಸರ್ಟ್ ಹಾಕಿಸಿ, ಅದಕ್ಕೆ ಹಿಂಜರಿಯಬೇಡಿ. ಪುಶ್‌ರಾಡ್ ಟ್ಯೂಬುಗಳನ್ನು ಹಾಕುವ ಮೊದಲು ಕೈಯಿಂದ ಎಳೆದು 190ರಿಂದ 191 ಮಿ.ಮೀ. ಉದ್ದ ಮಾಡಿ, ಬೆಸುಗೆಯ ಗೆರೆ ಮೇಲಕ್ಕಿರಲಿ. ಆಯಿಲ್ ಸೋರುವ ಅರ್ಧ ದೂರುಗಳು ಇಲ್ಲೇ ಮುಗಿಯುತ್ತವೆ.

ಆಮೇಲೆ ತಗಡುಗಳು. ನೋಡಲು ಬರೀ ಹೊದಿಕೆಯಂತೆ ಕಾಣುವುದರಿಂದ ಹಿಂದೆ ಬಿಚ್ಚಿದವರು ಯಾರೋ ಕೆಲವನ್ನು ಎಸೆದೇ ಇರುತ್ತಾರೆ. ನೀರಿನ ಇಂಜಿನ್ನಿಗೆ ರೇಡಿಯೇಟರ್ ಹೇಗೋ ಇದಕ್ಕೆ ತಗಡು ಹಾಗೆ. ಫ್ಯಾನ್ ತಳ್ಳಿದ ಗಾಳಿ ರೆಕ್ಕೆಗಳ ನಡುವೆಯೇ ನುಗ್ಗಬೇಕೆಂದರೆ ಸಿಲಿಂಡರುಗಳ ಕೆಳಗೆ ಗಾಳಿ ತಿರುಗಿಸುವ ತಗಡು (ಡಿಫ್ಲೆಕ್ಟರ್) ಬೇಕು, ಪ್ಲಗ್ ವೈರುಗಳ ರಬ್ಬರ್ ಮುಚ್ಚಳ ಬೇಕು. ಕೆಳಗಿನ ಬಿಸಿಗಾಳಿ ಮೇಲಕ್ಕೆ ಬಂದು ಫ್ಯಾನಿನ ಬಾಯಿಗೆ ಸೇರದಂತೆ ಇಂಜಿನ್ ಸುತ್ತಲಿನ ರಬ್ಬರ್ ಪಟ್ಟಿ ಬೇಕು. ಹಳೆಯ ಇಂಜಿನ್‌ಗಳಿಂದ ಕಳಚಿದ ಮೂಲ ತಗಡು ಹೊಸ ನಕಲಿಗಿಂತ ಚೆನ್ನಾಗಿ ಕೂರುತ್ತದೆ, ಅಗ್ಗವೂ ಹೌದು. ಈ ಬಗೆಯ ಬೀಟಲ್‌ಗಳು 2003ರ ಜುಲೈ 30ರಂದು ಮೆಕ್ಸಿಕೋದ ಪ್ಯೂಬ್ಲಾದಲ್ಲಿ ತಯಾರಿಕೆ ನಿಲ್ಲುವವರೆಗೆ 2 ಕೋಟಿ 15 ಲಕ್ಷಕ್ಕೂ ಹೆಚ್ಚು ಬಂದಿವೆ. ಹಳೆಯ ಪಾರ್ಟ್‌ಗೆ ಬರವಿಲ್ಲ.

ಮೊದಲ ಇಪ್ಪತ್ತು ನಿಮಿಷ

ಪ್ಲಗ್‌ಗಳನ್ನು ಬಿಚ್ಚಿಟ್ಟು ಸ್ಟಾರ್ಟರಿನಿಂದ ಇಂಜಿನ್ ತಿರುಗಿಸಿ, ಆಯಿಲ್ ಲೈಟ್ ಆರುವವರೆಗೆ. ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡಿ. ಹೊಸ ಕ್ಯಾಮ್ ಹಾಕಿದ್ದರೆ ಅದರ ಮೇಲೆ ಮಾಲಿಬ್ಡಿನಮ್ ಗ್ರೀಸ್ ಇರಲಿ, ಆಯಿಲ್ ಸತುವಿನ ಅಂಶ ಸಾಕಷ್ಟಿರುವ ಮಿನರಲ್ ಆಯಿಲ್ ಆಗಿರಲಿ. ಸ್ಟಾರ್ಟ್ ಆದ ಕೂಡಲೇ 2000 ಆರ್‌ಪಿಎಮ್‌ಗೆ ಏರಿಸಿ ಇಪ್ಪತ್ತು ನಿಮಿಷ ಅಲ್ಲೇ ಹಿಡಿಯಿರಿ. ಕ್ಯಾಮ್‌ಗೆ ಆಯಿಲ್ ಸಿಗುವುದು ಬಹುಮಟ್ಟಿಗೆ ಕ್ರ್ಯಾಂಕ್ ತಿರುಗುತ್ತಾ ಸಿಡಿಸುವುದರಿಂದ. ಐಡ್ಲಿಂಗಿನಲ್ಲಿ ಬಿಟ್ಟರೆ ಸಾಕಷ್ಟು ಸಿಡಿಯದೆ ಹೊಸ ಕ್ಯಾಮ್ ಮೊದಲ ದಿನವೇ ಉರಿದುಹೋಗುತ್ತದೆ. ಸ್ಟಾರ್ಟ್ ಆಗದೆ ಎಳೆದಾಡಿದರೂ ಅದೇ ಗತಿ. ಅದಕ್ಕೇ ಟೈಮಿಂಗ್ ಮತ್ತು ಕಾರ್ಬ್ಯುರೇಟರ್ ಮೊದಲೇ ಸರಿಯಿರಬೇಕು. ಸಿಲಿಂಡರುಗಳು ಉರಿಯುವ ಸರದಿ (ಫೈರಿಂಗ್ ಆರ್ಡರ್) 1-4-3-2, ವೈರ್ ಇನ್ನೊಮ್ಮೆ ನೋಡಿಕೊಳ್ಳಿ.

ನಿಲ್ಲಿಸಿ ರಾತ್ರಿಯೆಲ್ಲ ತಣ್ಣಗಾಗಲು ಬಿಡಿ. ಬೆಳಿಗ್ಗೆ ಆಯಿಲ್ ಇಳಿಸಿ ಜಾಲರಿ ಬಿಚ್ಚಿ ನೋಡಿ. ಈ ಇಂಜಿನ್ನಿನಲ್ಲಿ ಫಿಲ್ಟರ್ ಎಂದರೆ ಆ ಜಾಲರಿಯೇ. ಬೂದು ಬಣ್ಣದ ನಯವಾದ ಹಿಟ್ಟು ಮಾಮೂಲು, ಹೊಳೆಯುವ ಚೂರು ಕಂಡರೆ ಮುಂದಕ್ಕೆ ಓಡಿಸಬೇಡಿ. ಎರಡೂವರೆ ಲೀಟರ್ ಹೊಸ ಆಯಿಲ್ ತುಂಬಿ, ಎಂಟೂ ವಾಲ್ವ್‌ಗಳ ಅಂತರವನ್ನು 0.15 ಮಿ.ಮೀ.ಗೆ ಹೊಂದಿಸಿ, ಹೊಂದಿಸುವ ಮೊದಲು ಎಷ್ಟಿತ್ತೆಂದು ಒಂದು ಪುಸ್ತಕದಲ್ಲಿ ಬರೆದಿಡಿ. ಪ್ರತಿ 5000 ಕಿ.ಮೀ.ಗೆ ಇದನ್ನೇ ಮಾಡಿ. ಯಾವುದಾದರೂ ಎಕ್ಸಾಸ್ಟ್ ವಾಲ್ವಿನ ಅಂತರ ಸಲ ಸಲಕ್ಕೂ ಕಡಿಮೆಯಾಗುತ್ತಾ ಬಂದರೆ ವಾಲ್ವ್ ಉದ್ದವಾಗುತ್ತಿದೆ ಅಥವಾ ಸೀಟ್ ಒಳಗಿಳಿಯುತ್ತಿದೆ ಎಂದರ್ಥ. ಮೂರನೇ ಸಿಲಿಂಡರಿನ ಸಾಲನ್ನು ಮೊದಲು ಓದಿ. ಸತತ ಎರಡು ಸಲ ಅಂತರ ಮುಚ್ಚಿಕೊಂಡಿದ್ದರೆ ಮೂರನೆಯ ಸಲಕ್ಕೆ ಕಾಯದೆ ಆ ಕಡೆಯ ಹೆಡ್ ಇಳಿಸಿ.